ಕೊಕಟನೂರ ಹುಡುಗರಿಗೆ, ಇಬ್ಬರು ಅಣ್ಣತಮ್ಮರ ಬಗ್ಗೆ

ಪ್ರೀತಿಯ ತಮ್ಮಂದಿರಿಗೆ, ತಂಗಿಯರಿಗೆ,

ಪುಣೆ, ಇಚಲಕರಂಜಿ, ಬೆಂಗಳೂರು ಅಂತ ಎಲ್ಲೆಲ್ಲೋ ಇದ್ದು, ಯಲ್ಲಮ್ಮನ ಜಾತ್ರೆಗೆ ಮಾತ್ರ ತಪ್ಪದೆ ಊರಿಗೆ ಬರುವವರು ನೀವು. ನಿಮ್ಮಲ್ಲಿ ಅರ್ಧಕ್ಕರ್ಧ ಮಂದಿ ನನ್ನ ಕೈಯಲ್ಲಿ ಕಾಗುಣಿತ ಕಲಿತವರು. ಆ ಸಲಿಗೆಯಿಂದಲೇ ಈ ಪತ್ರ. ನಿವೃತ್ತಿಯಾದ ಮೇಲೂ ಮಾಸ್ತರನಿಗೆ ಬೈಯುವ ಚಟ ಹೋಗುವುದಿಲ್ಲ. ಆದರೆ ಈ ಸಲದ ಬೈಗಳದಲ್ಲಿ ದೊಡ್ಡ ಪಾಲು ನನಗೇ ಇದೆ, ಸಮಾಧಾನದಿಂದ ಓದಿರಿ.

2025ರ ಜೂನ್ ಕೊನೆಯಲ್ಲಿ ನಿಮ್ಮೆಲ್ಲರ ವಾಟ್ಸಾಪ್ ಸ್ಟೇಟಸ್ಸಿನಲ್ಲೂ ಒಂದೇ ಫೋಟೊ. ಇಟಲಿಯ ಮಿಲಾನ್ ಪಟ್ಟಣ, ಪ್ರಾಡಾ ಕಂಪನಿಯ ಫ್ಯಾಷನ್ ಶೋ, ನಡೆದು ಬರುವ ಹುಡುಗನ ಕಾಲಲ್ಲಿ ನಮ್ಮ ಕಾಲ್ಮರಿ. ಕಂಪನಿಯವರು ಅದಕ್ಕೆ ಬರೀ ತೊಗಲಿನ ಚಪ್ಪಲಿ ಅಂದಿದ್ದರು, ಎಲ್ಲಿಂದ ಬಂದದ್ದು ಅಂತ ಹೇಳಿರಲಿಲ್ಲ. ನಿಮಗೆ ಸಿಟ್ಟು ಬಂತು, ನನಗೂ ಬಂತು. ಕೊಲ್ಹಾಪುರದವರು ನಮ್ಮದು ಅಂದರು. ಇತ್ತ ಸಚಿವ ಪ್ರಿಯಾಂಕ್ ಖರ್ಗೆಯವರು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳ ಹೆಸರು ಹೇಳಿ, ಹೊಲಿಯುವವರು ಇಲ್ಲೂ ಇದ್ದಾರೆ ಅಂದರು. ನಿಮ್ಮಲ್ಲೊಬ್ಬ ಅದರ ಕೆಳಗೆ 'ನಮ್ಮೂರ ಹೆಮ್ಮೆ' ಅಂತ ಬರೆದು ಎರಡು ಬೆಂಕಿಯ ಚಿತ್ರ ಹಾಕಿದ್ದ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಹೆಮ್ಮೆ ಅಂದನಲ್ಲ, ಯಾರ ಬಗ್ಗೆ ಅಂತ ಕೇಳಿದರೆ ಅವನಿಗೆ ಒಂದು ಹೆಸರಾದರೂ ಗೊತ್ತಿದೆಯೇ?

ನಿಮ್ಮ ಅಜ್ಜಂದಿರ ಕಾಲಿಗೆ ಕಾಲ್ಮರಿ ಹೊಲಿದವರು ಇಬ್ಬರು ಅಣ್ಣತಮ್ಮರು. ಊರು ಮುಗಿದು ಹೊಲ ಶುರುವಾಗುವಲ್ಲಿ, ಬೇವಿನ ಗಿಡದ ಪಕ್ಕ ಅವರ ಮನೆ. ಈಗ ಅಲ್ಲಿ ಟಿನ್ನಿನ ತಗಡು ಹೊದಿಸಿದ ಗೋಡೆ ಅಷ್ಟೇ ಉಳಿದಿದೆ, ನೀವು ಬೈಕು ನಿಲ್ಲಿಸುತ್ತೀರಿ. ನಾನು ಹುಡುಗನಿದ್ದಾಗ ಆ ಮನೆಯ ಮುಂದಿನ ಕಟ್ಟೆಯ ಮೇಲೆ ನಸುಕಿನಿಂದ ಕತ್ತಲಾಗುವವರೆಗೆ ಒಂದು ಸದ್ದಿರುತ್ತಿತ್ತು. ಕಲ್ಲಿನ ಮೇಲೆ ತೊಗಲು ಇಟ್ಟು ಕುಟ್ಟುವ ಸದ್ದು. ಅದು ನಿಂತರೆ ಇಬ್ಬರೂ ಉಣ್ಣಲಿಕ್ಕೆ ಕೂತಿದ್ದಾರೆ ಅಂತ ಅರ್ಥ. ನಮ್ಮವ್ವ ಅದನ್ನು ಕೇಳಿಯೇ ರೊಟ್ಟಿ ಬಡಿಯುವುದನ್ನು ಮುಗಿಸುತ್ತಿದ್ದಳು.

ಅಣ್ಣನದು ಕೊಯ್ಯುವ ಕೆಲಸ. ಎಮ್ಮೆಯ ತೊಗಲನ್ನು ಹಾಸಿ, ಅಂಗೈಯಿಂದ ಒಮ್ಮೆ ಸವರಿ, ಕಣ್ಣಳತೆಯಲ್ಲೇ ಅಟ್ಟೆಗೆ ಎಲ್ಲಿ, ಬಾರಿಗೆ ಎಲ್ಲಿ ಅಂತ ಹಂಚಿ, ರಂಪಿಗೆ ಇಡುತ್ತಿದ್ದರು. ಒಂದು ಬೆರಳಗಲ ಕೆಟ್ಟರೂ ಆ ದಿನದ ಕೂಲಿ ಹೋಯಿತು. ಮಾತು ಕಡಿಮೆ. ತಮ್ಮ ಹೊಲಿಯುವವರು, ಮಾತಿನ ಮಲ್ಲ. ಉಳಿಯಿಂದ ತೂತು ಹಾಕಿ ತೊಗಲಿನದೇ ದಾರ ಪೋಣಿಸಿ ಎಳೆಯುತ್ತಿದ್ದರು. ಮೊಳೆ ಇಲ್ಲ, ಅಂಟು ಇಲ್ಲ. ಮನೆಯ ಹೆಣ್ಣುಮಕ್ಕಳು ಒಳಗೆ ಕೂತು ಮೇಲಿನ ಪಟ್ಟಿಗೆ ವೇಣಿ ಹೆಣೆಯುತ್ತಿದ್ದರು, ತಮ್ಮ ಜಡೆಗೆ ಸಿಗದ ಪುರಸೊತ್ತು ಅದಕ್ಕೆ. ಕೊನೆಗೆ ಎಣ್ಣೆ ಸವರಿ ಬಿಸಿಲಿಗೆ ಇಟ್ಟರೆ ಹಳದಿ ತೊಗಲು ನಿಧಾನಕ್ಕೆ ಬೆಲ್ಲದ ಬಣ್ಣಕ್ಕೆ ತಿರುಗುತ್ತಿತ್ತು. ಮಳೆಗಾಲದಲ್ಲಿ ತೊಗಲು ಒಣಗುವುದಿಲ್ಲ, ಕೊಳ್ಳುವವರೂ ಇಲ್ಲ. ಆ ನಾಲ್ಕು ತಿಂಗಳು ಅಣ್ಣತಮ್ಮರು ನಮ್ಮ ಹೊಲದಲ್ಲಿ ಕಳೆ ಕೀಳುತ್ತಿದ್ದರು.

ತೊಗಲನ್ನು ಹದ ಮಾಡುತ್ತಿದ್ದವರು ಇವರಲ್ಲ. ಹದ ಢೋರರ ಕಸುಬು, ಹೊಲಿಗೆ ಸಮಗಾರರ ಕಸುಬು. ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದು, ಕೆರೆದು, ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ನೀರಿನಲ್ಲಿ ವಾರಗಟ್ಟಲೆ ಇಟ್ಟು, ಆಮೇಲೆ ಇಡೀ ತೊಗಲನ್ನು ಚೀಲದ ಹಾಗೆ ಹೊಲಿದು, ಮರಕ್ಕೆ ತೂಗುಹಾಕಿ, ಒಳಗೆ ಅದೇ ಚೊಗರು ನೀರು ತುಂಬುತ್ತಿದ್ದರು. ಹನಿ ಹನಿ ಜಿನುಗಿ ಅದು ಒಳಗಿನಿಂದ ಹೊರಗೆ ಹದ ಬರಬೇಕು. ಆ ವಾಸನೆಗೆ ನಾವು ಮೂಗು ಮುಚ್ಚಿ ಓಡುತ್ತಿದ್ದೆವು. ಈಗ ನಮ್ಮ ಕೊಕಟನೂರಿನಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಅಲ್ಲಿಯ ಹುಡುಗರು ಬಿಳಿ ಕೋಟು ಹಾಕಿಕೊಂಡು ದನದ ಮೈ ಓದುತ್ತಾರೆ, ಒಳ್ಳೆಯದೇ. ಅಣ್ಣನೂ ಓದುತ್ತಿದ್ದರು. ತೊಗಲಿನ ಮೇಲೆ ಬೆರಳಾಡಿಸಿ 'ಇದು ಮುದಿ ಎಮ್ಮಿ, ನಾಕು ಕರ ಹಾಕೇತಿ', 'ಇದಕ್ಕ ಉಣ್ಣಿ ಹತ್ತಿದ್ದವು' ಅಂತ ಹೇಳುತ್ತಿದ್ದರು. ಅವರ ಓದಿಗೆ ನಮ್ಮಲ್ಲಿ ಯಾರೂ ಪದವಿ ಕೊಡಲಿಲ್ಲ.

ಕಾಲ್ಮರಿ ಅಂದರೆ ಅವರ ಅರ್ಧ ದುಡಿಮೆ ಮಾತ್ರ. ಬಾರಕೋಲಿನ ತುದಿಯ ಚಾಟಿ, ನೊಗದ ಮಿಣಿ, ಎತ್ತಿನ ಕೊರಳ ಗೆಜ್ಜೆಯ ಪಟ್ಟಿ, ಎಲ್ಲಕ್ಕಿಂತ ಮುಖ್ಯವಾಗಿ ಎತ್ತು ಹೂಡಿ ಬಾವಿಯಿಂದ ನೀರು ಎಳೆಯುವ ತೊಗಲಿನ ಮೊಟ್ಟೆ, ಇವೆಲ್ಲ ಅವರ ಕೈಯವೇ. ಇದಕ್ಕೆಲ್ಲ ರೊಕ್ಕವಿಲ್ಲ, ಸುಗ್ಗಿಯಲ್ಲಿ ಕಣಕ್ಕೆ ಬಂದು ನಿಂತರೆ ಆಯ ಅಂತ ಜೋಳ. ಮೊರದ ಲೆಕ್ಕ. ಮೊರ ತುಂಬುವುದೂ ಅರ್ಧವಾಗುವುದೂ ಒಕ್ಕಲಿಗನ ಮನಸ್ಸು. ಆಮೇಲೆ ಬಾವಿಗಳಿಗೆ ಎಂಜಿನ್ ಬಂತು, ಕರೆಂಟಿನ ಪಂಪು ಬಂತು. ಮೊಟ್ಟೆ ಹೊಲಿಯುವ ಕೆಲಸ ಒಂದೇ ತಲೆಮಾರಿನಲ್ಲಿ ಮುಗಿಯಿತು.

ಇಲ್ಲೊಂದು ಮಾತು ನೆನಪಾಗುತ್ತದೆ. ನಮ್ಮ ಬಾವಿಗೆ ಬಂದ ಮೊದಲ ಪಂಪಿನ ಮೇಲೆ 'ಕಿರ್ಲೋಸ್ಕರ್' ಅಂತ ಉಬ್ಬು ಅಕ್ಷರ ಇತ್ತು. ಆ ಕಂಪನಿ ಕಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1869ರಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಅಣ್ಣ ರಾಮಣ್ಣನ ಜತೆ ಸೈಕಲ್ ಅಂಗಡಿ ಇಟ್ಟರು. ಆಮೇಲೆ ಕಬ್ಬಿಣದ ರಂಟೆ ಮಾಡಿದರು. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವೇರುತ್ತದೆ ಅಂತ ರೈತರು ಅದನ್ನು ಮುಟ್ಟಲಿಲ್ಲವಂತೆ. 1910ರಲ್ಲಿ ಕಿರ್ಲೋಸ್ಕರವಾಡಿ ಅನ್ನುವ ಕಾರ್ಖಾನೆಯ ಊರು ಕಟ್ಟಿದರು. ಅಣ್ಣತಮ್ಮರ ದುಡಿಮೆ ಅಂದರೆ ಏನು ಅಂತ ಅವರಿಂದ ಕಲಿಯಬೇಕು, ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಕಂಪನಿಯ ಹೆಸರೇ 'ಬ್ರದರ್ಸ್'. ಆದರೆ ಆ ಪಾಠ ಹೇಳುವಾಗ ಕಿಟಕಿಯ ಹೊರಗೆ ಇನ್ನಿಬ್ಬರು ಅಣ್ಣತಮ್ಮರ ಕುಟ್ಟುವ ಸದ್ದು ಕೇಳಿಸುತ್ತಿತ್ತು. ಮೂವತ್ತು ವರ್ಷ ಮಾಸ್ತರಿಕೆ ಮಾಡಿದ ನನಗೆ ಅದು ಪಾಠ ಅನ್ನಿಸಲೇ ಇಲ್ಲ.

ಈಗ 1972ರ ಬರಕ್ಕೆ ಬರುತ್ತೇನೆ. ನಾನಾಗ ಹತ್ತರ ಹುಡುಗ. ನಿಮಗೆ ಬರ ಅಂದರೆ ಪೇಪರಿನ ಸುದ್ದಿ. ಕೃಷ್ಣೆಯ ದಂಡೆಯ ಊರುಗಳಿಗೆ ಕಬ್ಬು, ನಮ್ಮ ಅಥಣಿಯ ಮೂಡಣ ಮಗ್ಗುಲಿಗೆ ಮೊದಲಿನಿಂದಲೂ ಮೋಡ ನೋಡುವ ಕೆಲಸ. ಆ ವರ್ಷ ಮೋಡವೂ ಇರಲಿಲ್ಲ. ರೇಷನ್ನಿನಲ್ಲಿ ಕೆಂಪು ಮಿಲೋ ಜೋಳ ಕೊಟ್ಟರು. ಅದರ ರೊಟ್ಟಿ ತಟ್ಟಿದರೆ ಒಡೆಯುತ್ತಿತ್ತು. ದನಗಳು ಕಟ್ಟಿದಲ್ಲೇ ಕೂತು, ಕೂತಲ್ಲೇ ಹೋದವು. ಕೇರಿಯಲ್ಲಿ ತೊಗಲಿನ ರಾಶಿ ಬಿತ್ತು. ನಮ್ಮಪ್ಪ ಕಟ್ಟೆಯ ಮೇಲೆ ಕೂತವರಿಗೆ ಅಂದ: 'ನಮಗ ಬರ, ಆ ಕೇರಿಗೆ ಸುಗ್ಗಿ.' ಎಲ್ಲರೂ ನಕ್ಕರು. ತಮ್ಮ ಅಲ್ಲೇ ಅಂಗಳದಾಚೆ ನಮ್ಮ ಮನೆಯ ಮಿಣಿ ಸರಿಮಾಡುತ್ತಿದ್ದರು, ತಲೆ ಎತ್ತಲಿಲ್ಲ. ಎಷ್ಟೋ ವರ್ಷದ ಮೇಲೆ, ನಾನು ಮಾಸ್ತರನಾದ ಮೇಲೆ, ತಾವಾಗಿಯೇ ಆ ಮಾತು ತೆಗೆದರು. 'ಮಾಸ್ತರ, ಸುಗ್ಗ್ಯಾಗ ಯಾರರ ಕಾಲ್ಮರಿ ಉದ್ರಿ ಒಯ್ಯತಾರೇನ್ರಿ? ಆ ವರ್ಷ ನಾವು ಹೊಲದದ್ದೆಲ್ಲಾ ಉದ್ರಿ. ತೊಗಲು ಇತ್ತು, ಹೊಟ್ಟಿಗೆ ಇರಲಿಲ್ಲ.' ಹಗಲು ಬರಗಾಲದ ಕಾಮಗಾರಿಯಲ್ಲಿ ಇಬ್ಬರೂ ಕಲ್ಲು ಒಡೆದು, ರಾತ್ರಿ ಕಂದೀಲು ಹಚ್ಚಿ ಹೊಲಿಯುತ್ತಿದ್ದರು. ಉದ್ರಿ ಒಯ್ದವರಲ್ಲಿ ನಮ್ಮಪ್ಪನೂ ಒಬ್ಬ. ಅದು ತೀರಿತೋ ಇಲ್ಲವೋ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಈ ಪತ್ರದಲ್ಲಿ ನಾನು 'ಅವರು', 'ಹೊಲಿಯುತ್ತಿದ್ದರು' ಅಂತ ಬರೆಯುತ್ತಿದ್ದೇನೆ. ಆಗ ಹಾಗೆ ಅನ್ನುತ್ತಿರಲಿಲ್ಲ. ಅಪ್ಪನ ವಯಸ್ಸಿನ ಇಬ್ಬರನ್ನು ಹತ್ತು ವರ್ಷದ ನಾನು 'ಬಾರೋ', 'ಹೋಗೋ' ಅಂತಲೇ ಕರೆಯುತ್ತಿದ್ದೆ. ಅವರು ನನ್ನನ್ನು 'ಸಣ್ಣ ಗೌಡ್ರ' ಅನ್ನುತ್ತಿದ್ದರು. ಅಳತೆ ತೆಗೆಯುವಾಗ ನಮ್ಮ ಕಾಲು ಮುಟ್ಟಬಹುದಿತ್ತು, ನಮ್ಮ ಕೊಡ ಮುಟ್ಟುವಂತಿರಲಿಲ್ಲ. ನೀರು ಬೇಕೆಂದರೆ ಬೊಗಸೆ ಒಡ್ಡಬೇಕು, ನಮ್ಮವ್ವ ಮೇಲಿನಿಂದ ಸುರಿಯಬೇಕು. ಅವರು ಹೊಲಿದ ಕಾಲ್ಮರಿ ಪಡಸಾಲೆಯ ಮೂಲೆಯವರೆಗೆ ಬರುತ್ತಿತ್ತು, ಹೊಲಿದವರು ಅಂಗಳದಲ್ಲೇ ನಿಲ್ಲಬೇಕಾಗಿತ್ತು. ನಿಮ್ಮ ಮನೆಗಳ ಕತೆ ಬೇರೆ ಇತ್ತು ಅಂತ ಹೇಳಬೇಡಿರಿ. ನಾನು ಎಲ್ಲ ಮನೆ ನೋಡಿದ್ದೇನೆ.

ತಮ್ಮನ ಬಾಯಲ್ಲಿ ಹರಳಯ್ಯನ ಕತೆ ಕೇಳಬೇಕಿತ್ತು. ಸಮಗಾರ ಹರಳಯ್ಯ ದಾರಿಯಲ್ಲಿ ಸಿಕ್ಕ ಬಸವಣ್ಣನಿಗೆ ಶರಣು ಅಂದರೆ, ಅವರು 'ಶರಣು ಶರಣಾರ್ಥಿ' ಅಂದುಬಿಟ್ಟರಂತೆ. ಒಂದು ಹೆಚ್ಚಾಯಿತಲ್ಲ, ಆ ಋಣ ತೀರಿಸಬೇಕು ಅಂತ ಗಂಡ ಹೆಂಡತಿ ತಮ್ಮ ತೊಡೆಯ ಚರ್ಮದಿಂದ ಪಾದುಕೆ ಮಾಡಿದರಂತೆ. ಇಷ್ಟಕ್ಕೆ ಬರುವ ಹೊತ್ತಿಗೆ ತಮ್ಮನ ದನಿ ಗದ್ಗದ. ಕೈ ಮಾತ್ರ ನಿಲ್ಲದು. ಒಮ್ಮೆ ಅಣ್ಣ ಅಡಿಗಲ್ಲಿನಿಂದ ತಲೆ ಎತ್ತದೆ ಅಂದರು: 'ತೊಡಿದು ಯಾಕೋ, ಎಮ್ಮಿದರ ರೊಕ್ಕ ಕೊಡ್ಲಿ ಸಾಕು.' ಅಣ್ಣ ಮಾತಾಡಿದ್ದೇ ಅಪರೂಪ, ಅದರಲ್ಲಿ ನಗೆ ಹುಟ್ಟಿಸಿದ್ದು ಅದೊಂದೇ ಸಲ ಅನ್ನಿಸುತ್ತದೆ. ಅದೇ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟದ್ದಕ್ಕೆ ಕಲ್ಯಾಣದಲ್ಲಿ ರಕ್ತ ಹರಿಯಿತು. ತಮ್ಮ ಆ ಭಾಗ ಹೇಳುತ್ತಿರಲಿಲ್ಲ. ನಮ್ಮಂಥವರು ಎದುರಿಗೆ ಕೂತಿದ್ದಕ್ಕೋ ಏನೋ.

ಯಲ್ಲಮ್ಮನ ಊರಿನಲ್ಲಿ ಇದ್ದು ಇದೊಂದನ್ನು ಬರೆಯದಿದ್ದರೆ ಅಣ್ಣನಿಗೆ ಅನ್ಯಾಯವಾಗುತ್ತದೆ. ಎಂಬತ್ತರ ದಶಕದ ಶುರುವಿನಲ್ಲಿ ಅವರ ಮಗಳ ತಲೆಯಲ್ಲಿ ಜಡೆ ಗಂಟು ಬಿತ್ತು. ಅದು ತಾಯಿ ಕರೆದ ಗುರುತು, ಹುಡುಗಿಗೆ ಮುತ್ತು ಕಟ್ಟಬೇಕು ಅಂತ ಕೇರಿಯ ಹಿರಿಯರೂ ಅಂದರು, ಊರ ಹಿರಿಯರೂ ಅಂದರು. ಊರ ಹಿರಿಯರಿಗೆ ಯಾಕೆ ಅಷ್ಟು ಕಾಳಜಿ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ದೇವದಾಸಿ ಬಿಡುವುದನ್ನು ನಿಷೇಧಿಸಿ ಸರಕಾರ 1982ರಲ್ಲಿ ಕಾನೂನು ತಂದದ್ದು ಅಣ್ಣನಿಗೆ ಗೊತ್ತಿತ್ತೋ ಇಲ್ಲವೋ. ಒಂದು ನಸುಕಿನಲ್ಲಿ ಮಗಳನ್ನು ಕಟ್ಟೆಯ ಮೇಲೆ ಕೂರಿಸಿ, ಭಂಡಾರ ಹಚ್ಚಿ, ಕೈ ಮುಗಿದು, ತೊಗಲು ಕೊಯ್ಯುವ ಅದೇ ರಂಪಿಗೆಯಿಂದ ಜಡೆ ಕೊಯ್ದು ಹಾಕಿದರು. ಅವರ ಮನೆಯ ಹೆಂಗಸರು ಗೋಳೋ ಅಂದರು. ಆರು ತಿಂಗಳು ಕೇರಿಯವರು ಅವರ ಮನೆಯಲ್ಲಿ ನೀರು ಕುಡಿಯಲಿಲ್ಲ. ಅಣ್ಣ ಕುಟ್ಟುತ್ತಲೇ ಇದ್ದರು. ಮುಂದಿನ ವರ್ಷ ಮಗಳ ಲಗ್ನ ಮಾಡಿದರು, ನಾನು ಅಕ್ಕಿಕಾಳು ಹಾಕಿ ಬಂದೆ. ಊಟಕ್ಕೆ ಕೂರಲಿಲ್ಲ. ನಾನಾಗ ಕಲಿತವನು, ನೌಕರಿಯವನು. ಆದರೂ ಕೂರಲಿಲ್ಲ.

ಮೊಟ್ಟೆ ಹೋಯಿತು, ಆಯ ಹೋಯಿತು, ಹವಾಯಿ ಚಪ್ಪಲಿ ಬಂತು. ಉಳಿದದ್ದು ಪ್ಯಾಟಿಯ ವ್ಯಾಪಾರ. ತಮ್ಮ ಹದಿನೈದು ದಿನಕ್ಕೊಮ್ಮೆ ಜೋಡಿಗಳನ್ನು ಹಗ್ಗಕ್ಕೆ ಪೋಣಿಸಿ, ಅಥಣಿಗೆ ಹೋಗಿ ಮಿರಜದ ಬಸ್ಸು ಹಿಡಿದು, ಆ ಕಡೆಯ ಒಬ್ಬ ವ್ಯಾಪಾರಿಗೆ ಹಾಕಿ ಬರುತ್ತಿದ್ದರು. ಒಮ್ಮೆ ನಾನು ಜತೆಗೆ ಹೋಗಿದ್ದೆ. ಅಂಗಡಿಯ ಹಿಂದಿನ ಬಾಗಿಲಲ್ಲಿ ಎಣಿಸಿ ತೆಗೆದುಕೊಂಡರು, ಎರಡು ಜೋಡಿ ಹಿಮ್ಮಡದಲ್ಲಿ ಕಲೆ ಇದೆ ಅಂತ ಅರ್ಧ ಬೆಲೆಗೆ ಇಳಿಸಿದರು. ಅರ್ಧ ಗಂಟೆಯ ಮೇಲೆ ಮುಂದಿನ ಬಾಗಿಲಿನಿಂದ ನಾನು ಗಿರಾಕಿಯ ಹಾಗೆ ಹೋಗಿ ಕೇಳಿದೆ. ಅದೇ ಕಲೆಯ ಜೋಡಿಗೆ ಮೂರು ಪಟ್ಟು ಹೇಳಿ, 'ಅಸಲಿ ಕೊಲ್ಹಾಪುರಿ' ಅಂದರು. ಹೊರಗೆ ಬಂದು ತಮ್ಮನಿಗೆ ಹೇಳಿದರೆ ನಕ್ಕರು. 'ಬಸ್ಸಿಳಿದ ಕೂಡಲೇ ನಮ್ಮ ಕಾಲ್ಮರಿಗೆ ಮರಾಠಿ ಬರತೈತ್ರಿ ಮಾಸ್ತರ.'

ಇದಕ್ಕೆ ಕೊಲ್ಹಾಪುರವನ್ನು ಬೈಯುವುದರಲ್ಲಿ ಅರ್ಥವಿಲ್ಲ. ಶಾಹೂ ಮಹಾರಾಜರು ಈ ಕಸುಬಿಗೆ ಬೆನ್ನು ತಟ್ಟಿದವರು, ಪ್ಯಾಟಿ ಅಲ್ಲಿ ಬೆಳೆಯಿತು, ಹೆಸರು ಅಲ್ಲಿಯದಾಯಿತು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತಿನ ಪತ್ರ ಸಿಕ್ಕಾಗ ಎಂಟು ಜಿಲ್ಲೆಗಳನ್ನು ಬರೆದರು. ಅತ್ತ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ, ಇತ್ತ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ತೊಗಲಿಗೆ ಗಡಿ ಇಲ್ಲ ಅನ್ನುವುದು ಕಾಗದದ ಮೇಲೆ ಒಪ್ಪಿದಂತಾಯಿತು. ಅದಕ್ಕೂ ಮೊದಲು, ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಬೆಂಗಳೂರಿನ ಅಸೆಂಟ್ ಸಂಸ್ಥೆಯವರು ಅಥಣಿಗೆ ಬಂದು, ಮನೆಯೊಳಗೆ ಕೂತು ವೇಣಿ ಹೆಣೆಯುತ್ತಿದ್ದ ಹೆಣ್ಣುಮಕ್ಕಳ ಸ್ವಸಹಾಯ ಗುಂಪು ಕಟ್ಟಿ, ಅವರ ಕಾಲ್ಮರಿಯನ್ನು 'ಟೋಹೋಲ್ಡ್' ಹೆಸರಿನಲ್ಲಿ ಹೊರದೇಶಕ್ಕೆ ಕಳಿಸುವಂತೆ ಮಾಡಿದರು. ತಮ್ಮನ ಹೆಂಡತಿ ನೋಡಲು ಹೋಗಿ ಬಂದು, ನೀಲಿ ಬಣ್ಣದ ಕಾಲ್ಮರಿಯನ್ನು ಕಂಡೆ ಅಂತ ಒಂದು ವಾರ ಹೇಳಿದರು. ಆ ಹೊತ್ತಿಗೆ ನಮ್ಮ ಅಣ್ಣತಮ್ಮರಿಗೆ ಕಣ್ಣು ಮಂಜಾಗಿತ್ತು. ಹದ ಮಾಡುವ ಮನೆಗಳು ಒಂದೊಂದಾಗಿ ಮುಚ್ಚಿ, ತೊಗಲು ಚೆನ್ನೈ ಕಡೆಯಿಂದ ಬರತೊಡಗಿತ್ತು. ಅಣ್ಣ ಅದನ್ನು ಸವರಿ, ಏನೂ ಓದಲಿಕ್ಕೆ ಬಾರದವರಂತೆ ಪಕ್ಕಕ್ಕಿಟ್ಟಿದ್ದು ನೆನಪಿದೆ.

ಅಣ್ಣ 2005ರ ಮಳೆಗಾಲದಲ್ಲಿ ಹೋದರು. ತಾಲೂಕಿನ ಪಡುವಣಕ್ಕೆ ಕೃಷ್ಣೆ ಉಕ್ಕಿ ಊರುಗಳು ಮುಳುಗಿದ ವರ್ಷ ಅದು. ಕೂತು ಕೂತು ಬೆನ್ನು ಬಿಲ್ಲಾಗಿತ್ತು. ಮಲಗಿಸಿದರೂ ನೇರವಾಗಲಿಲ್ಲ. ತಮ್ಮ ಆಮೇಲೆ ಒಬ್ಬರೇ ಕೂತು ಹಳೆಯದನ್ನು ಹೊಲಿಯುತ್ತಿದ್ದರು. ಹೊಸದು ಮಾಡುತ್ತಿರಲಿಲ್ಲ, 'ಕೊಯ್ಯಾಂವ ಹ್ವಾದ' ಅನ್ನುತ್ತಿದ್ದರು. ಕೊರೊನಾದ ಎರಡನೇ ಸುತ್ತಿನಲ್ಲಿ ಅವರೂ ಹೋದರು. ನಾನು ಹೋಗಲಿಲ್ಲ. ಹೆದರಿಕೆ ಇತ್ತು. ಆ ಹೆದರಿಕೆಗೆ ಕೊರೊನಾ ಒಂದೇ ಕಾರಣವಾಗಿತ್ತು ಅಂತ ಬರೆಯಬೇಕೆಂದಿದ್ದೆ. ಬರೆಯಬಹುದೋ ಇಲ್ಲವೋ ತಿಳಿಯದು.

ಇಷ್ಟು ಬರೆದ ಮೇಲೆ ಇಬ್ಬರ ಹೆಸರನ್ನೂ ದೊಡ್ಡ ಅಕ್ಷರದಲ್ಲಿ ಬರೆಯಬೇಕು ಅಂತ ಹೊರಟಿದ್ದೆ. ಪ್ರಾಡಾದವರು ಬರೆಯಲಿಲ್ಲ, ನಾನಾದರೂ ಬರೆಯುತ್ತೇನೆ ಅನ್ನುವ ಹುರುಪು. ಕೇಳುವುದು ಕ್ರಮ ಅಂತ ಅಣ್ಣನ ಮೊಮ್ಮಗನಿಗೆ ಫೋನು ಮಾಡಿದೆ. ರಂಪಿಗೆಯಿಂದ ಜಡೆ ಕೊಯ್ಸಿಕೊಂಡ ಆ ಹುಡುಗಿಯ ಮಗ. ದೊಡ್ಡ ಊರಿನಲ್ಲಿ ಒಳ್ಳೆಯ ನೌಕರಿಯಲ್ಲಿದ್ದಾನೆ. ಎಲ್ಲ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: 'ಸರ, ಹೆಸರು ಬ್ಯಾಡ್ರಿ. ಅಡ್ಡಹೆಸರಂತೂ ಬ್ಯಾಡೇ ಬ್ಯಾಡ್ರಿ. ಇಲ್ಲಿ ಮನಿ ಬಾಡಿಗಿ ಕೊಟ್ಟವರು ನೀವು ಯಾರ ಪೈಕಿ ಅಂತ ಇನ್ನೂ ಕೇಳಾಕತ್ತಾರ. ನಾ ಇನ್ನೂ ಹೇಳಿಲ್ಲ.' ಆಮೇಲೆ ಅವನೇ ಕೇಳಿದ: 'ಅಜ್ಜ ಛಲೋ ಕೊಯ್ತಿದ್ರೇನ್ರಿ? ನಾ ಸಣ್ಣಾಂವ ಇದ್ದೆ, ನೆನಪಿಲ್ಲ.'

ಹೌದಪ್ಪಾ, ಅಷ್ಟು ಛಲೋ ಕೊಯ್ಯುವವರನ್ನು ನಾನು ಇನ್ನೊಬ್ಬರನ್ನು ನೋಡಿಲ್ಲ ಅಂದೆ.

ಹಾಗಾಗಿ ಈ ಪತ್ರದಲ್ಲಿ ಹೆಸರಿಲ್ಲ. ಮಿಲಾನಿನವರು ಹೆಸರು ಬಿಟ್ಟದ್ದಕ್ಕೆ ಅವರನ್ನು ಕೇಳುವವರಿದ್ದರು. ಆಮೇಲೆ ಕಂಪನಿ ಮೂಲವನ್ನು ಒಪ್ಪಿಕೊಂಡಿತು. 2025ರ ಡಿಸೆಂಬರಿನಲ್ಲಿ ಸರಕಾರಿ ಚರ್ಮೋದ್ಯಮ ನಿಗಮಗಳಾದ ನಮ್ಮ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಮ್ ಜತೆ ಒಪ್ಪಂದವೂ ಆಯಿತು. 2,000 ಜೋಡಿ ಇಲ್ಲಿಯವರ ಕೈಯಲ್ಲೇ ಮಾಡಿಸಿ, ಜೋಡಿಗೆ ಸುಮಾರು 800 ಯುರೋದಂತೆ ಮಾರುತ್ತಾರೆ ಅಂತ ಸುದ್ದಿ ಬಂತು. ನಮ್ಮಿಂದಾಗಿ ಬರೆಯಲಾಗದೆ ಹೋದ ಹೆಸರಿಗೆ ಯಾರೊಡನೆ ಒಪ್ಪಂದ ಮಾಡಿಕೊಳ್ಳೋಣ? ಈ ಸಲ ಜಾತ್ರೆಗೆ ಬಂದಾಗ ಕಾಲ್ಮರಿಯ ಅಂಗಡಿಯ ಮುಂದೆ ನಿಂತು ಸೆಲ್ಫಿ ತೆಗೆಯುವ ಮೊದಲು, ನಿಮ್ಮ ನಿಮ್ಮ ಮನೆಯಲ್ಲಿ ಅಜ್ಜಿಯರು ಇನ್ನೂ ಇದ್ದರೆ ಕೇಳಿರಿ: ನಮ್ಮ ಕಣದಿಂದ ಆ ಅಣ್ಣತಮ್ಮರಿಗೆ ಎಷ್ಟು ಮೊರ ಹೋಗುತ್ತಿತ್ತು, ನೀರು ಎಷ್ಟು ಎತ್ತರದಿಂದ ಸುರಿಯುತ್ತಿದ್ದಿರಿ ಅಂತ. ಹೇಳುತ್ತಾರೆ. ಅವರಿಗೆ ಎಲ್ಲ ನೆನಪಿದೆ.

ಅಣ್ಣತಮ್ಮರು ಮಾಡಿದ ಒಂದು ಜೋಡಿ ನನ್ನ ಹತ್ತಿರ ಉಳಿದಿದೆ. ಹೋದ ತಿಂಗಳು ಎಡಗಾಲಿನ ಉಂಗುಟ ಕಿತ್ತುಬಂತು. ನಮ್ಮೂರಲ್ಲಿ ಈಗ ಹೊಲಿಯುವವರಿಲ್ಲ, ಅಥಣಿಗೆ ಹೋದೆ. ಬಸ್ ಸ್ಟ್ಯಾಂಡಿನ ಹೊರಗೆ ಕೊಡೆ ಕಟ್ಟಿಕೊಂಡು ಕೂತ ಹಿರಿಯರೊಬ್ಬರು ಚಪ್ಪಲಿಯನ್ನು ಮಗುಚಿ ಹಾಕಿ, ಅಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಸುತ್ತ ಸವರಿದರು. ಹೊಲಿಗೆಯ ಎಳೆ ಎಣಿಸಿದರು. ಕನ್ನಡಕ ಮೇಲಕ್ಕೆ ಸರಿಸಿ ನನ್ನ ಮುಖ ನೋಡಿದರು.

'ಇದು ಕೊಕಟನೂರದ್ದೇನ್ರಿ?'

ಹೌದು ಅಂದೆ.

ಅವರು ಇಬ್ಬರ ಹೆಸರನ್ನೂ ಹೇಳಿದರು. ಮೊದಲು ಕೊಯ್ದವರದು, ಆಮೇಲೆ ಹೊಲಿದವರದು. ಬಸ್ಸಿನ ಗದ್ದಲದ ನಡುವೆ, ಪಕ್ಕದ ಚಹಾದಂಗಡಿಯವನಿಗೂ ಕೇಳುವಷ್ಟು ದೊಡ್ಡ ದನಿಯಲ್ಲಿ, ಹೆಸರಿನ ಹಿಂದೆ 'ಅಣ್ಣಾರು' ಸೇರಿಸಿ. ಆಮೇಲೆ ತಲೆ ಬಗ್ಗಿಸಿ ಉಳಿ ತೆಗೆದುಕೊಂಡರು.

'ನಲವತ್ತು ರೂಪಾಯಿ ಆಗತೈತ್ರಿ. ಅರ್ಧ ತಾಸು ಕೂಡ್ರಿ.'

ಕೂತೆ.

ನಿಮ್ಮ,
ನಿವೃತ್ತ ಮಾಸ್ತರ, ಕೊಕಟನೂರ